ಮುತ್ತಿನ ತಾಯಿ

ಹೈದರಾಬಾದಿನ ಚಾರ್‌ಮಿನಾರ್‌ ಹತ್ತಿರ ಪತ್ಥರ್‌ಗಟ್ಟಿಯ ಮುತ್ತಿನ ಅಂಗಡಿಗೆ ಹೋದವರೆಲ್ಲ ಬೆಲೆ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಅಸಲಿ ತಾನೇ? ಅಂಗಡಿಯವನಿಗೆ ಉತ್ತರ ಬಾಯಿಪಾಠ. ಎರಡು ಮುತ್ತು ತೆಗೆದು ಒಂದಕ್ಕೊಂದು ತಿಕ್ಕುತ್ತಾನೆ. ಬಿಳಿ ಪುಡಿ ಉದುರುತ್ತದೆ, ಬೆರಳಲ್ಲಿ ಒರೆಸಿದರೆ ಮುತ್ತು ಮೊದಲಿನಂತೆಯೇ ಇರುತ್ತದೆ. ಅನುಮಾನ ಇನ್ನೂ ಹೋಗದಿದ್ದರೆ ಲೈಟರ್ ಹಚ್ಚಿ ಉರಿಯ ಮೇಲೆ ಹಿಡಿದು ತೋರಿಸುತ್ತಾನೆ. ಹಲ್ಲಿಗೆ ಉಜ್ಜಿ ನೋಡಿ ಅಮ್ಮಾ, ಮರಳು ತಾಕಿದ ಹಾಗೆ ಆಗಬೇಕು ಎನ್ನುತ್ತಾನೆ. ಗಿರಾಕಿ ಉಜ್ಜಿ ನೋಡುತ್ತಾರೆ, ಮರಳು ತಾಕಿದಂತೆ ಆಗುತ್ತದೆ, ವ್ಯಾಪಾರ ಕುದುರುತ್ತದೆ. ಈ ಮೂರು ಪರೀಕ್ಷೆಗಳಿಂದ ತಿಳಿಯುವುದು ಇಷ್ಟೇ: ಇದು ಪ್ಲಾಸ್ಟಿಕ್ಕೂ ಅಲ್ಲ, ಗಾಜೂ ಅಲ್ಲ. ಯಾವುದೋ ಚಿಪ್ಪಿನ ಜೀವಿ ಇದನ್ನು ಮಾಡಿದೆ. ಯಾವ ಜೀವಿ, ಯಾವ ನೀರಿನಲ್ಲಿ, ಯಾರು ಮಾಡಿಸಿದ್ದು ಎಂದು ಯಾರೂ ಕೇಳುವುದಿಲ್ಲ.

ಸಮುದ್ರವೇ ಇಲ್ಲದ ಊರು ಮುತ್ತಿನ ಊರಾದದ್ದು ನಿಜಾಮರ ದೆಸೆಯಿಂದ. ಬಹರೈನ್, ಕುವೈತ್ ಕಡೆಯ ಕೊಲ್ಲಿಯಲ್ಲಿ ಮುಳುಗುಗಾರರು ತೆಗೆದ ಮುತ್ತು ಮುಂಬಯಿ ದಾರಿಯಲ್ಲಿ ಇಲ್ಲಿಗೆ ಬರುತ್ತಿತ್ತು. ಇರಾಕಿನ ಬಂದರಿನ ಹೆಸರಿನಿಂದ ಅದಕ್ಕೆ ಬಸ್ರಾ ಮುತ್ತು ಎಂದು ಹೆಸರು. ಕಟ್ಟಕಡೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಮುತ್ತುಗಳನ್ನು ಸುರಿದರೆ ಒಂದು ಈಜುಕೊಳ ತುಂಬುತ್ತಿತ್ತು ಎಂದು ಇವತ್ತಿಗೂ ಆಟೋದವರು ಹೇಳುತ್ತಾರೆ. ಅಳೆದು ನೋಡಿದವರಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದು ಇಷ್ಟು: 1995ರಲ್ಲಿ ಭಾರತ ಸರ್ಕಾರ ನಿಜಾಮರ ಟ್ರಸ್ಟ್‌ಗಳಿಂದ 173 ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಿತು. ಅದರಲ್ಲಿ ಏಳೆಳೆಯ ಬಸ್ರಾ ಮುತ್ತಿನ ಸತ್‌ಲಡಾ ಹಾರವೂ ಇದೆ. 2001ರಲ್ಲಿ, ಮತ್ತೆ 2006ರಲ್ಲಿ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಆ ಒಡವೆಗಳನ್ನು ಪ್ರದರ್ಶನಕ್ಕಿಟ್ಟಾಗ ಜನ ಸಾಲುಗಟ್ಟಿ ನಿಂತು ನೋಡಿದರು.

ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವು. ರಾಜ್ಯ ಹೋಯಿತು, ಗಡಿ ಬದಲಾಯಿತು, ಮದುವೆ ಜವಳಿಗೂ ಮುತ್ತಿನ ಸರಕ್ಕೂ ಹೈದರಾಬಾದಿನ ರೈಲು ಹತ್ತುವ ರೂಢಿ ಮಾತ್ರ ಹೋಗಲಿಲ್ಲ. ಆ ಕಡೆಯ ಮನೆಗಳಲ್ಲಿ ‘ಹೈದರಾಬಾದಿನ ಮುತ್ತು’ ಎಂದರೆ ಸಾಕು, ಮುಂದೆ ವಿವರಣೆ ಬೇಕಿಲ್ಲ. ಮುತ್ತು ಹೈದರಾಬಾದಿನಲ್ಲಿ ಹುಟ್ಟುತ್ತದೆ ಎಂದೇ ನಂಬಿದ ಅಜ್ಜಿಯರಿದ್ದಾರೆ. ಅವರನ್ನು ನಗುವ ಹಾಗಿಲ್ಲ. ಸ್ವಾತಿ ಮಳೆಯ ಹನಿ ಚಿಪ್ಪಿನ ಬಾಯಿಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಂಬಿದ ಪಂಡಿತರೂ ಇದ್ದರು. ಚಿಪ್ಪಿನೊಳಗೆ ಮರಳ ಕಣ ಸೇರಿದರೆ ಮುತ್ತಾಗುತ್ತದೆ ಎನ್ನುವ ಈಗಿನ ಶಾಲೆಯ ಪಾಠವೂ ಅಂಥ ದೊಡ್ಡ ಸುಧಾರಣೆಯೇನಲ್ಲ. ಹನಿಯಾಗಲಿ ಕಣವಾಗಲಿ, ಎರಡೂ ಕಥೆಗಳಲ್ಲಿ ಹೊರಗಿನದೇ ಮುಖ್ಯ. ಚಿಪ್ಪು ಬರೀ ಪಾತ್ರೆ.

ಅಂಥ ಒಂದು ಹೈದರಾಬಾದಿನ ಮುತ್ತಿನ ಸರ ರಾಯಚೂರು ಕಡೆಯ ಒಬ್ಬ ಹೆಂಗಸಿನ ಪಾಲಿಗೆ ಬಂದಿತ್ತು. ಆಕೆ ಮದುವೆಯಾಗಿ ಹೈದರಾಬಾದಿಗೆ ಬಂದವರು. ರಾಜೇಂದ್ರನಗರದಲ್ಲಿ ಭತ್ತದ ತಳಿ ಅಭಿವೃದ್ಧಿ ಮಾಡುವ ಪ್ರಯೋಗದ ಹೊಲಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ವಿಜ್ಞಾನಿಯಲ್ಲ, ವಿಜ್ಞಾನಿಗಳು ಹೇಳಿದ ಸಂಕರಗಳನ್ನು ಕೈಯಿಂದ ಮಾಡಿಕೊಡುವವರು. ಭತ್ತದ ಹೂವಿನಲ್ಲಿ ಆರು ಕೇಸರಗಳಿರುತ್ತವೆ. ಹೂವು ಅರಳುವ ಮುಂಚೆ ಕಾಳಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಚಿಮುಟದಿಂದ ಆ ಆರನ್ನೂ ಒಂದೂ ಬಿಡದೆ ತೆಗೆದು, ತೆನೆಗೆ ಬೆಣ್ಣೆಕಾಗದದ ಚೀಲ ಹಾಕಬೇಕು. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಇನ್ನೊಂದು ತಳಿಯ ಹೂವು ಅರಳಿದಾಗ ಅದರ ಪರಾಗವನ್ನು ತಂದು ಇದರ ಮೇಲೆ ಕೊಡವಬೇಕು. ಆಮೇಲೆ ಚೀಟಿ ಕಟ್ಟಬೇಕು. ಚೀಟಿಯಲ್ಲಿ ಮೊದಲು ತಾಯಿಯ ಹೆಸರು, ನಡುವೆ ಒಂದು ಗುಣಿಸುವ ಗುರುತು, ಆಮೇಲೆ ತಂದೆಯ ಹೆಸರು, ಕೆಳಗೆ ತಾರೀಖು. ಚೀಟಿ ಮಳೆಗೆ ನೆನೆದು ಅಕ್ಷರ ಅಳಿಸಿಹೋದರೆ ಆ ತೆನೆಯನ್ನು ಎಸೆಯುತ್ತಾರೆ. ಕಾಳು ಎಷ್ಟೇ ಚೆಂದ ಕಟ್ಟಿದ್ದರೂ ತಂದೆತಾಯಿ ಗೊತ್ತಿಲ್ಲದ ಕಾಳು ಆ ಹೊಲದಲ್ಲಿ ಕಸಕ್ಕೆ ಸಮ.

ಸರ ಅತ್ತೆಯದು. 1962ರಲ್ಲಿ ಅವರ ಮದುವೆಗೆ ಪತ್ಥರ್‌ಗಟ್ಟಿಯಲ್ಲಿ ಕೊಂಡದ್ದು. ಬಸ್ರಾ ಮುತ್ತು ಎಂದು ಮನೆಯಲ್ಲಿ ಮಾತು. ಅತ್ತೆ ತೀರಿಕೊಂಡ ಮೇಲೆ ಒಡವೆ ಹಂಚುವಾಗ ನಾದಿನಿಗೆ ಚಿನ್ನದ ಪಾಟಲಿಗಳು ಹೋದವು, ಬಸ್ರಾ ಎಂಬ ಮಾತಿನ ಮೇಲೆ ಅದಕ್ಕೆ ಸಮನಾಗಿ ಈಕೆಗೆ ಸರ ಬಂತು. ತೂಕಕ್ಕೆ ತೂಕ ನೋಡಲಿಲ್ಲ, ಮಾತಿಗೆ ಮಾತು ನೋಡಿದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯಳ ಮದುವೆ ಗೊತ್ತಾದಾಗ ಹಳೆಯ ದಾರ ನಾರುನಾರಾಗಿದ್ದರಿಂದ ಮರಳಿ ಪೋಣಿಸಿಕೊಂಡು ಬರಲೆಂದು ಆಕೆ ಸರವನ್ನು ಪಟುವೆಯ ಹತ್ತಿರ ಒಯ್ದರು. ಆತ ದಾರ ಕತ್ತರಿಸಿ ಮುತ್ತುಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದ. ಒಂದನ್ನು ಎತ್ತಿ ತೂತಿನೊಳಗೆ ಭೂತಗನ್ನಡಿ ಹಿಡಿದು ನೋಡಿದ. ಇನ್ನೊಂದನ್ನು ನೋಡಿದ. ಬಳಿಕ ಬಹಳ ಮೆತ್ತಗೆ, ‘ಇದು ಕಲ್ಚರ್‌ ಮುತ್ತಮ್ಮಾ, ಜಪಾನಿನದು. ಒಳ್ಳೇದೇ ಇದೆ’ ಎಂದ.

ಕೃಷಿ ಮುತ್ತನ್ನು ಗುರುತಿಸಲು ಅನುಭವಿಯಾದವನಿಗೆ ತೂತು ಸಾಕಾಗುತ್ತದೆ. ಹೊರಪದರ ಮುಗಿದು ಒಳಗಿನ ಮಣಿ ಶುರುವಾಗುವಲ್ಲಿ ಒಂದು ತೆಳುವಾದ ಗೆರೆ ಕಾಣುತ್ತದೆ. ಬಸ್ರಾ ಮುತ್ತಿನಲ್ಲಿ ಅಂಥ ಗೆರೆ ಇರುವುದಿಲ್ಲ, ಈರುಳ್ಳಿಯ ಹಾಗೆ ನಡುವಿನವರೆಗೂ ಪದರವೇ. ಪೂರ್ತಿ ಖಾತ್ರಿ ಬೇಕಿದ್ದರೆ ಎಕ್ಸ್‌ರೇ ತೆಗೆಸಬೇಕು. ಆಕೆ ಎಕ್ಸ್‌ರೇ ತೆಗೆಸಲಿಲ್ಲ. ಗೆರೆಯನ್ನು ತಾನೂ ಒಮ್ಮೆ ನೋಡಿದರು. ಅರವತ್ತು ವರ್ಷದ ಮಾತು ಒಂದು ಸೂಜಿ ಹೋಗುವಷ್ಟು ತೂತಿನಲ್ಲಿ ಸೋರಿಹೋಗಿತ್ತು. ಪಟುವೆಗೆ ಆಕೆ ಕೇಳಿದ ಪ್ರಶ್ನೆ ಆತ ಯಾವ ಗಿರಾಕಿಯಿಂದಲೂ ಕೇಳಿರಲಿಕ್ಕಿಲ್ಲ. ‘ಹಂಗಾದ್ರ ಇದರ ತಾಯಿ ಯಾವುದು, ತಂದಿ ಯಾವುದು?’

ಆತ ನಕ್ಕ. ನಗುವುದು ಸಹಜ. ಆದರೆ ಆ ಪ್ರಶ್ನೆಗೆ ಉತ್ತರವಿದೆ. ಕೃಷಿ ಮುತ್ತಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಅದು.

ಮಾವಿನ ಕಸಿ ಕಟ್ಟುವುದನ್ನು ನೋಡಿದವರಿಗೆ ಮುತ್ತಿನ ಕೃಷಿ ಅರ್ಥವಾಗುವುದು ಸುಲಭ. ಬೇರು ಯಾವುದೋ ಕಾಡುಮಾವಿನದು, ಮೇಲಿನ ಕಡ್ಡಿ ಆಪೂಸಿನದು, ಹಣ್ಣು ಆಪೂಸು. ಮುತ್ತಿನಲ್ಲೂ ಹಾಗೆಯೇ ಎರಡು ಜೀವಿಗಳಿವೆ. ಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಚಿಪ್ಪಿನ ಒಳಗಿನ ಹೊಳಪನ್ನು ಕಟ್ಟುವುದು ಆ ಪೊರೆಯ ಕೆಲಸ. ಮೊದಲ ಚಿಪ್ಪನ್ನು, ದಾನಿ ಚಿಪ್ಪನ್ನು, ಬಿಚ್ಚಿ ಆ ಪೊರೆಯ ಅಂಚನ್ನು ಪಟ್ಟಿಯಂತೆ ಕತ್ತರಿಸಿ, ಪಟ್ಟಿಯನ್ನು ಎರಡು ಮೂರು ಮಿಲಿಮೀಟರಿನ ಚೌಕಗಳಾಗಿ ಕೊಯ್ಯುತ್ತಾರೆ. ದಾನಿ ಅಲ್ಲಿಗೆ ಸಾಯುತ್ತದೆ. ಎರಡನೆಯ ಚಿಪ್ಪು ಆಸರೆಯದು. ಅದರ ಬಾಯಿಯನ್ನು ಸ್ವಲ್ಪವೇ ತೆರೆದು, ಸಂತಾನಗ್ರಂಥಿಯಲ್ಲಿ ಸೀಳು ಮಾಡಿ, ಒಂದು ದುಂಡು ಮಣಿಯನ್ನೂ ಅದಕ್ಕೆ ತಾಗಿದಂತೆ ದಾನಿಯ ಒಂದು ಚೌಕವನ್ನೂ ಇಟ್ಟು ನೀರಿಗೆ ಮರಳಿಸುತ್ತಾರೆ. ಚೌಕದ ಜೀವಕೋಶಗಳು ಬೆಳೆದು ಮಣಿಯ ಸುತ್ತ ಚೀಲವಾಗುತ್ತವೆ. ಆ ಚೀಲ ದಿನವೂ ಮಣಿಯ ಮೇಲೆ ಪದರ ಹಚ್ಚುತ್ತ ಹೋಗುತ್ತದೆ. ಹಾಗಾಗಿ ಮುತ್ತಿನ ಬಣ್ಣ, ಹೊಳಪು ಹೆಚ್ಚಾಗಿ ಸತ್ತುಹೋದ ದಾನಿಯದು. ಅದಕ್ಕೆ ಅನ್ನ ಹಾಕಿ, ಜಾಗ ಕೊಟ್ಟು, ಎಷ್ಟು ದಪ್ಪ ಬೆಳೆಯಬೇಕೆಂದು ಬಹುಪಾಲು ನಿರ್ಧರಿಸುವುದು ಆಸರೆ. ಬೇರೆ ಬೇರೆ ಜಾತಿಯ ಚಿಪ್ಪುಗಳ ನಡುವೆ ಈ ಕಸಿ ಮಾಡಿ ನೋಡಿದಾಗಲೂ ಬಣ್ಣ ದಾನಿಯ ಕಡೆಗೇ ವಾಲಿತು.

ಒಳಗಿನ ಮಣಿಯದು ಇನ್ನೊಂದು ಕಥೆ. ಅದು ಅಮೆರಿಕದ ಮಿಸಿಸಿಪ್ಪಿ ನದಿ ಬಯಲಿನ ಕಪ್ಪೆಚಿಪ್ಪನ್ನು ಕೊರೆದು ಉರುಟು ಮಾಡಿದ್ದು. ಜಪಾನಿನ ಅಕೋಯಾ ಮುತ್ತಿನಲ್ಲಿ ಮೇಲಿನ ಪದರ ಹಲವು ಸಲ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅಂದರೆ ಅತ್ತೆಯ ಸರದ ತೂಕದಲ್ಲಿ ಬಹುಪಾಲು ಅಮೆರಿಕದ ನದಿಯದು. ಬಸ್ರಾ ಎಂದು ಕೊಂಡು, ರಾಯಚೂರಿನಲ್ಲಿ ಹಾಕಿಕೊಂಡದ್ದು.

ಜಪಾನಿನಲ್ಲಿ ಮಿಕಿಮೊಟೊ ಕೋಕಿಚಿ 1893ರಲ್ಲಿ ಅರ್ಧಗೋಳದ ಮುತ್ತು ಬೆಳೆದು ತೋರಿಸಿದ. ಪೂರ್ತಿ ದುಂಡನೆಯ ಮುತ್ತಿಗೆ ಬೇಕಾದ ಕಸಿ ವಿದ್ಯೆಯನ್ನು ಮುಂದಿನ ದಶಕದಲ್ಲಿ ಮಿಸೆ ಮತ್ತು ನಿಶಿಕಾವಾ ಎಂಬ ಇನ್ನಿಬ್ಬರು ಕಂಡುಕೊಂಡರು. ಹೆಸರು ಮಿಕಿಮೊಟೊಗೆ ಹೋಯಿತು. 1930ರ ಹೊತ್ತಿಗೆ ಬಹರೈನಿನ ಮುಳುಗುಗಾರರ ಬದುಕು ಕುಸಿಯಿತು. ಒಂದು ಸ್ವಾರಸ್ಯವನ್ನು ಮಾತ್ರ ವ್ಯಾಪಾರಿಗಳು ಹೇಳುವುದಿಲ್ಲ. ಬಸ್ರಾ ಮುತ್ತಿನ ಚಿಪ್ಪು, ಮನ್ನಾರ್ ಕೊಲ್ಲಿಯ ಚಿಪ್ಪು, ಜಪಾನಿನ ಅಕೋಯಾ, ದಕ್ಷಿಣ ಚೀನಾದ ಚಿಪ್ಪು ಇವೆಲ್ಲ ಒಂದೇ ಬಳಗದವು. ಬೇರೆ ಜಾತಿಗಳೋ ಒಂದೇ ಜಾತಿಯ ಬೇರೆ ಕುಟುಂಬಗಳೋ ಎಂದು ಜೀವಶಾಸ್ತ್ರಜ್ಞರು ವಾದ ಮಾಡುವಷ್ಟು ಹತ್ತಿರದ ನೆಂಟರು. ಪಟುವೆ ‘ಬಸ್ರಾ ಅಲ್ಲ, ಜಪಾನ್’ ಎಂದಾಗ ಹೇಳಿದ್ದು ದಾಯಾದಿಗಳ ಮನೆಯ ವಿಳಾಸ ಅಷ್ಟೇ.

ಕಸಿಯ ವಿದ್ಯೆ ಕೈಗೆ ಬಂದ ಮೇಲೆ ನಿಜವಾದ ಕೆಲಸ ಉಳಿದಿತ್ತು. ಸಮುದ್ರದಲ್ಲಿ ಸಿಕ್ಕ ಚಿಪ್ಪನ್ನೇ ದಾನಿ ಮಾಡಿದರೆ ಒಂದು ಮುತ್ತು ಬಿಳಿ, ಒಂದು ಹಳದಿ, ಒಂದು ಮಂಕು. ಸರಕ್ಕೆ ಜೋಡಿ ಹೊಂದುವುದಿಲ್ಲ. ಒಳಚಿಪ್ಪು ಬೆಳ್ಳಿಯಂತೆ ಹೊಳೆಯುವ ಚಿಪ್ಪುಗಳನ್ನು ಆರಿಸಿ ಅವುಗಳಿಂದಲೇ ಮರಿ ಮಾಡಿಸಬೇಕು, ಆ ಮರಿಗಳಲ್ಲಿ ಮತ್ತೆ ಆರಿಸಬೇಕು. ಭತ್ತದಲ್ಲಿ ಮಾಡುವುದೂ ಇದನ್ನೇ. ಆದರೆ ಭತ್ತದವರಿಗೆ ಇಲ್ಲದ ಒಂದು ತೊಡಕು ಇಲ್ಲಿದೆ. ದಾನಿಯನ್ನು ಕೊಂದ ಮೇಲೆಯೇ ಅದರ ಮುತ್ತು ಬೆಳೆಯಲು ತೊಡಗುತ್ತದೆ. ಒಂದು ಎರಡು ವರ್ಷ ಕಳೆದು ಆಸರೆಯ ಚಿಪ್ಪನ್ನು ತೆರೆದಾಗ, ಆಹಾ ಎಂಥ ಮುತ್ತು ಎಂದು ಬೆರಗಾಗುವ ಹೊತ್ತಿಗೆ, ಅದಕ್ಕೆ ಕಾರಣವಾದ ಜೀವಿ ಎಂದೋ ಇಲ್ಲವಾಗಿದೆ. ಅದರಿಂದ ಇನ್ನು ಮರಿ ಮಾಡಿಸುವ ಹಾಗಿಲ್ಲ. ಒಳ್ಳೆಯ ಹೋರಿ ಯಾವುದೆಂದು ಅದರ ಹೆಣ್ಣುಕರುಗಳು ಹಾಲು ಕೊಟ್ಟಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಹೋರಿ ಮುದಿಯಾಗಿರಬಹುದು, ಬದುಕಿರಲೂಬಹುದು. ಇಲ್ಲಿ ಆ ಅವಕಾಶವೂ ಇಲ್ಲ. ಇರುವ ದಾರಿ ಒಂದೇ. ಅಣ್ಣತಮ್ಮಂದಿರನ್ನು ನೋಡಿ ಮನೆತನವನ್ನು ಅಳೆಯುವುದು. ಒಂದೇ ಜೋಡಿಯ ಮಕ್ಕಳಲ್ಲಿ ಕೆಲವನ್ನು ದಾನಿ ಮಾಡಿ ಕೊಲ್ಲುವುದು, ಉಳಿದವನ್ನು ಚೀಟಿ ಕಟ್ಟಿ ಕಾಪಾಡುವುದು, ಮುತ್ತು ಬಂದ ಮೇಲೆ ಯಾವ ಮನೆತನ ಗೆದ್ದಿತೆಂದು ನೋಡಿ ಅದರ ಉಳಿದ ಮಕ್ಕಳಿಂದ ಮುಂದಿನ ಪೀಳಿಗೆ ಮಾಡುವುದು. ಚೀಟಿ ಕಳೆದರೆ ಎಲ್ಲವೂ ಹೋಯಿತು.

ತಿನ್ನುವ ಚಿಪ್ಪಿನ ಕೃಷಿ ಇದಕ್ಕೆ ಹೋಲಿಸಿದರೆ ನೇರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1990ರಿಂದ ಸಿಡ್ನಿ ರಾಕ್ ಆಯ್‌ಸ್ಟರಿನ ತಳಿ ಸುಧಾರಣೆ ನಡೆದಿದೆ. ಬೇಗ ಬೆಳೆಯುವುದು, ರೋಗಕ್ಕೆ ಬಗ್ಗದಿರುವುದು ಅಲ್ಲಿನ ಗುರಿ. ಅಮೆರಿಕದವರು ಪ್ರತಿ ವರ್ಣತಂತುವಿನ ಎರಡರ ಬದಲು ಮೂರು ಪ್ರತಿಗಳಿರುವ ಚಿಪ್ಪು ಮಾಡಿದರು. ಅದು ಸಂತಾನಕ್ಕೆ ಶಕ್ತಿ ಖರ್ಚು ಮಾಡದೆ ಬೇಸಿಗೆಯಲ್ಲೂ ಕೊಬ್ಬಿಕೊಂಡಿರುತ್ತದೆ, ಬೀಜವಿಲ್ಲದ ಕಲ್ಲಂಗಡಿಯ ಹಾಗೆ. ತಟ್ಟೆಗೆ ಬಂದದ್ದೇ ಬೆಳೆದ ಜೀವಿ, ನೋಡಿದ್ದೇ ಸಾಕ್ಷಿ. ಮುತ್ತಿನಲ್ಲಿ ಮಾತ್ರ ಕೈಗೆ ಬರುವುದು ಸತ್ತವನ ಸಹಿ.

ಹೆಣ್ಣು ಚಿಪ್ಪು ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. (ಈ ಚಿಪ್ಪುಗಳಲ್ಲಿ ಬಹಳಷ್ಟು ಮೊದಲು ಗಂಡಾಗಿದ್ದು ವಯಸ್ಸಾದ ಮೇಲೆ ಹೆಣ್ಣಾಗುತ್ತವೆ. ತಾಯಿ ತಂದೆ ಎಂಬ ಮಾತನ್ನು ಇಲ್ಲಿ ಸ್ವಲ್ಪ ಸಡಿಲವಾಗಿಯೇ ತೆಗೆದುಕೊಳ್ಳಬೇಕು.) ಮರಿಕೇಂದ್ರ ನಡೆಸುವವನಿಗೆ ಇದು ವರವೂ ಹೌದು, ಬಲೆಯೂ ಹೌದು. ಹತ್ತು ಒಳ್ಳೆಯ ಚಿಪ್ಪುಗಳಿದ್ದರೆ ಇಡೀ ಕೊಲ್ಲಿಗೆ ಸಾಕಾಗುವಷ್ಟು ಮರಿ. ನೂರು ಯಾಕೆ ಸಾಕಬೇಕು ಎನ್ನಿಸುತ್ತದೆ. ಅತಿ ಬಿಳಿ, ಅತಿ ಹೊಳಪು ಎಂದು ಅರಸುತ್ತ ಅರಸುತ್ತ ಜಪಾನಿನ ಅಕೋಯಾ ತಳಿಗಳು ಒಳಗೊಳಗೇ ಮದುವೆಯಾದ ಮನೆತನದಂತೆ ಕಿರಿದಾದವು. 1996ರ ಹೊತ್ತಿಗೆ ಸ್ನಾಯು ಕೆಂಪಾಗಿ ಸಾಯುವ ರೋಗ ಬಂದು ಚಿಪ್ಪುಗಳು ರಾಶಿ ರಾಶಿಯಾಗಿ ಸತ್ತವು. ದೇಶದ ಮುತ್ತಿನ ಉತ್ಪಾದನೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ರೋಗವೊಂದೇ ಕಾರಣವೆಂದೋ ತಳಿ ಕಿರಿದಾದದ್ದೇ ಕಾರಣವೆಂದೋ ಗೆರೆ ಎಳೆದು ಹೇಳುವುದು ಕಷ್ಟ. ಕಡೆಗೆ ರೈತರು ಚೀನಾದಿಂದ ಅದೇ ಬಳಗದ ಗಟ್ಟಿ ಚಿಪ್ಪುಗಳನ್ನು ತರಿಸಿ ತಮ್ಮವುಗಳೊಂದಿಗೆ ಸಂಕರ ಮಾಡಿದರು. ಮಿಶ್ರತಳಿ ಬದುಕಿತು. ಅದನ್ನು ಹೆಚ್ಚಾಗಿ ಆಸರೆಗೆ ಇಟ್ಟುಕೊಂಡು, ಹೊಳಪಿನ ಹಳೆಯ ತಳಿಗಳನ್ನು ದಾನಕ್ಕೆ ಉಳಿಸಿಕೊಂಡರು. ಕಾಡುಮಾವಿನ ಬೇರು, ಆಪೂಸಿನ ಕಡ್ಡಿ.

ತೊಂದರೆ ಅಲ್ಲಿಗೇ ನಿಲ್ಲಲಿಲ್ಲ. 2019ರ ಬೇಸಿಗೆಯಲ್ಲಿ ಎಹಿಮೆ ಮತ್ತು ಮಿಯೆ ಪ್ರಾಂತ್ಯಗಳಲ್ಲಿ ಮರಿಚಿಪ್ಪುಗಳು ಮತ್ತೆ ದೊಡ್ಡ ಪ್ರಮಾಣದಲ್ಲಿ ಸತ್ತವು. 2022ರಲ್ಲಿ ಒಕಿನಾವಾದ ಸಂಶೋಧಕರು ಮಿಕಿಮೊಟೊ ಕಂಪನಿಯವರೊಂದಿಗೆ ಸೇರಿ ಈ ಚಿಪ್ಪಿನ ಹದಿನಾಲ್ಕು ಜೊತೆ ವರ್ಣತಂತುಗಳನ್ನೂ ಬಿಡಿಸಿ ಓದಿದರು. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು ಎಂದು ಎರಡನ್ನೂ ಬೇರೆ ಬೇರೆಯಾಗಿ ಓದಿದ್ದು ವಿಶೇಷ. ಒಂಬತ್ತನೆಯ ಜೊತೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಕಂಡಿತು. ಆ ಜಾಗದಲ್ಲಿದ್ದ ಜೀನುಗಳಲ್ಲಿ ಹಲವು ರೋಗ ತಡೆಯುವ ಕೆಲಸಕ್ಕೆ ಸಂಬಂಧಿಸಿದವು. ತಂದೆತಾಯಿ ಒಂದೇ ಮನೆತನದವರಾದರೆ ಅಳಿಸಿಹೋಗುವುದು ಇಂಥ ವ್ಯತ್ಯಾಸವೇ. ಬಿಳುಪು ಗಳಿಸಲು ಹೋಗಿ ಏನು ಕಳೆಯಬಹುದೆಂದು ಈಗ ಬೆರಳಿಟ್ಟು ತೋರಿಸಬಹುದು.

ಇವತ್ತು ಪತ್ಥರ್‌ಗಟ್ಟಿಯಲ್ಲಿ ಬಿಕರಿಯಾಗುವ ಮುತ್ತಿನಲ್ಲಿ ಹೆಚ್ಚಿನದು ಜಪಾನಿನದೂ ಅಲ್ಲ, ಚೀನಾದ ಕೆರೆಗಳದ್ದು. ಅಲ್ಲಿನ ತ್ರಿಕೋನಾಕಾರದ ಕಪ್ಪೆಚಿಪ್ಪಿಗೆ ಮಣಿ ಬೇಡ, ದಾನಿಯ ಚೌಕವೊಂದೇ ಸಾಕು. ಒಂದು ಚಿಪ್ಪಿನ ಎರಡೂ ಬದಿ ಸೇರಿ ಮೂವತ್ತು ನಲವತ್ತು ಮುತ್ತು ಬೆಳೆಯುತ್ತವೆ. ತೂತು ನೋಡಿದರೆ ಗೆರೆ ಕಾಣುವುದಿಲ್ಲ, ನಡುವಿನವರೆಗೂ ಪದರವೇ! ಚೀನಾದವರು ಜಪಾನಿನ ಬಿವಾ ಸರೋವರದ ಚಿಪ್ಪಿನೊಂದಿಗೆ ಇದನ್ನು ಸಂಕರ ಮಾಡಿದರು. ಒಳಚಿಪ್ಪು ನೇರಳೆಯಾಗಿದ್ದವನ್ನೇ ಪೀಳಿಗೆ ಪೀಳಿಗೆ ಆರಿಸಿ ನೇರಳೆ ಮುತ್ತಿನ ತಳಿಯನ್ನೇ ಕಟ್ಟಿದರು. ಉತ್ತುಂಗದ ವರ್ಷಗಳಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಬೆಳೆದರು. ಮುತ್ತು ಕಿಲೋ ಲೆಕ್ಕದಲ್ಲಿ ಮೂಟೆಯಲ್ಲಿ ಬರತೊಡಗಿತು. ಹಂಪೆಯ ಬೀದಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರೆಂದು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಅದು ನಿಜವಾದದ್ದು ಈಗ, ಬೇಗಂ ಬಜಾರಿನ ಹತ್ತಿರ, ವೈಭವವಿಲ್ಲದೆ. ತರಿಸಿದ ಮುತ್ತನ್ನು ಗಾತ್ರ, ಬಣ್ಣ ನೋಡಿ ವಿಂಗಡಿಸುವುದು, ತೂತು ಕೊರೆಯುವುದು, ಜೋಡಿ ಹೊಂದಿಸಿ ಪೋಣಿಸುವುದು ಹೈದರಾಬಾದಿನ ಪಾಲಿಗೆ ಉಳಿದ ಕೆಲಸ. ಆ ಕೈಚಳಕ ಸಣ್ಣದಲ್ಲ. ಆದರೆ ಮುತ್ತಿನ ಬೆಲೆಯ ದೊಡ್ಡ ಪಾಲು ಅದಕ್ಕೂ ಮೊದಲೇ, ದಾನಿಯನ್ನು ಆರಿಸಿದಾಗಲೇ, ನಿರ್ಧಾರವಾಗಿರುತ್ತದೆ.

ಭಾರತದವರಿಗೆ ಈ ವಿದ್ಯೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಮನ್ನಾರ್ ಕೊಲ್ಲಿಯ ಮುತ್ತಿನ ಹಾಸುಗಳಲ್ಲಿ ಮುಳುಗಿ ಮುತ್ತು ತೆಗೆಯುವ ಪ್ರಾಚೀನ ಕಸುಬು 1961ರಲ್ಲಿ ಕೊನೆಗೊಂಡಿತು. ಅತ್ತೆಯ ಮದುವೆಗೆ ಒಂದು ವರ್ಷ ಮುಂಚೆ. ಆ ಬಳಿಕ ತೆಗೆಯುವಷ್ಟು ಚಿಪ್ಪು ಅಲ್ಲಿ ಕೂಡಿಕೊಳ್ಳಲಿಲ್ಲ. 1973ರ ಜುಲೈಯಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೆ. ಅಳಗರಸ್ವಾಮಿಯವರು ತೂತ್ತುಕುಡಿಯಲ್ಲಿ ದೇಶದ ಮೊದಲ ದುಂಡು ಕೃಷಿ ಮುತ್ತನ್ನು ತೆಗೆದರು. ಜಪಾನ್ ಗುಟ್ಟಾಗಿ ಇಟ್ಟುಕೊಂಡಿದ್ದ ಕಸಿಯನ್ನು ಇಲ್ಲಿನವರೇ ಕಂಡುಕೊಂಡರು. 1981ರಲ್ಲಿ ಅಲ್ಲಿಯೇ ಮರಿಕೇಂದ್ರವೂ ಸಿದ್ಧವಾಯಿತು. ಮೊಟ್ಟೆಯಿಂದ ಹೊರಬಂದ ಮರಿ ಮೂರು ವಾರಗಳ ಕಾಲ ತೇಲಿ ನೆಲೆಗೊಳ್ಳುವವರೆಗೆ ಪಾಚಿ ತಿನ್ನಿಸಿ ಸಾಕುವುದು ಕೈಗೆ ಹತ್ತಿತು. ಮರಿಗಳನ್ನು ಸಮುದ್ರಕ್ಕೂ ಬಿಟ್ಟರು. ಮರಿಕೇಂದ್ರದಲ್ಲೇ ಕೆಲವು ಪೀಳಿಗೆ ಮಾಡಿ ಚಿಪ್ಪಿನ ಬೆಳವಣಿಗೆಯನ್ನು ಹೋಲಿಸಿಯೂ ನೋಡಿದರು. ಇಲ್ಲಿನ ನೀರು ಬೆಚ್ಚಗಿರುವುದರಿಂದ ಪದರ ಬೇಗ ಕೂಡುತ್ತದೆ. ಚಿಪ್ಪು ಮಾತ್ರ ಸಣ್ಣದು, ಮುತ್ತು ಮೂರರಿಂದ ಐದು ಮಿಲಿಮೀಟರ್. ದೊಡ್ಡ ಚಿಪ್ಪು ಬೇಕೆಂದರೆ ಮತ್ತೆ ಅದೇ ಬೇಸರದ ಕೆಲಸ: ಆರಿಸು, ಚೀಟಿ ಕಟ್ಟು, ಕಾಯಿ, ಮತ್ತೆ ಆರಿಸು. ಒಬ್ಬ ವಿಜ್ಞಾನಿಯ ನೌಕರಿಗಿಂತ ಉದ್ದದ ಕೆಲಸ ಅದು. ಮೊದಲ ಮುತ್ತಿಗೆ ಸುದ್ದಿಯಾಗುವ ಭಾಗ್ಯ ಇತ್ತು. ಏಳನೆಯ ಪೀಳಿಗೆಯ ಒಂದು ಚಿಪ್ಪು ಆರನೆಯದಕ್ಕಿಂತ ಕೊಂಚ ಅಗಲವಾಗಿದೆ ಎಂಬುದಕ್ಕೆ ಯಾವ ಪತ್ರಿಕೆಯೂ ಫೋಟೊ ತೆಗೆಯುವುದಿಲ್ಲ.

ದೇಶಕ್ಕೆ ಅಂಥ ತಾಳ್ಮೆ ಇಲ್ಲವೆಂದಲ್ಲ. ಒಡಿಶಾದ ಸಿಹಿನೀರಿನ ಮೀನು ಸಂಸ್ಥೆ ನಾರ್ವೆಯವರ ಜೊತೆ ಸೇರಿ 1992ರಲ್ಲಿ ರೋಹು ಮೀನನ್ನು ಹಿಡಿದುಕೊಂಡು ಪೀಳಿಗೆಯಿಂದ ಪೀಳಿಗೆಗೆ ಬೆಳವಣಿಗೆ ಹೆಚ್ಚಿಸಿ ಜಯಂತಿ ರೋಹು ಎಂಬ ತಳಿ ತಂದಿತು. ಆಕೆ ದುಡಿದ ರಾಜೇಂದ್ರನಗರವನ್ನೇ ನೋಡಿದರೂ ಸಾಕು. ಹಳ್ಳಿಗಳ ಹಿತ್ತಿಲಿಗೆ ಹೋದ ವನರಾಜ ಕೋಳಿಯ ತಳಿ ಕಟ್ಟಿದ್ದು ಅಲ್ಲಿ. ರಾಯಚೂರು, ಸಿಂಧನೂರಿನ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಗೆ ದುಂಡಾಣು ಅಂಗಮಾರಿ ರೋಗ ತಡೆಯುವ ಮೂರು ಜೀನುಗಳನ್ನು ಸಂಕರದಿಂದಲೇ ಸೇರಿಸಿ, ಅಕ್ಕಿಯ ರುಚಿ ಕೆಡದಂತೆ ಮತ್ತೆ ಮತ್ತೆ ಮೂಲ ತಳಿಗೇ ಕೂಡಿಸಿ, ಸುಧಾರಿತ ಸಾಂಬಾ ಮಸೂರಿಯನ್ನು ಹೊರತಂದದ್ದು ಅಲ್ಲಿನ ಭತ್ತದ ಸಂಸ್ಥೆ ಮತ್ತು ಹೈದರಾಬಾದಿನದೇ ಆದ ಸಿಸಿಎಂಬಿ. 2008ರಲ್ಲಿ ಅದು ಬಿಡುಗಡೆಯಾಯಿತು. ಅದೇ ರಾಜೇಂದ್ರನಗರದ ಹಾದಿಯಲ್ಲಿ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಮೀನಿನ ಆಕಾರದ ಕಟ್ಟಡವೂ ಇದೆ. ಎಕ್ಸ್‌ಪ್ರೆಸ್‌ವೇ ಮೇಲಿಂದ ನೋಡಿದರೆ ನೀರಿಲ್ಲದ ಜಾಗದಲ್ಲಿ ಒಂದು ಭಾರಿ ಮೀನು ಬಾಯಿ ತೆರೆದು ನಿಂತ ಹಾಗೆ. ಅಕ್ಕಿ, ಕೋಳಿ, ಮೀನು ಮೂರಕ್ಕೂ ತಳಿಯ ಲೆಕ್ಕ ಬರೆದಿಡುವ ಊರು, ತನ್ನ ಹೆಸರು ಹೊತ್ತ ಮುತ್ತಿಗೆ ಮಾತ್ರ ಬೇರೆಯವರ ಲೆಕ್ಕವನ್ನು ನಂಬಿ ಕುಳಿತಿದೆ. ಬಾವಿಯಲ್ಲಿ ಮುತ್ತು ಬೆಳೆದು ಲಕ್ಷ ಗಳಿಸಿ ಎನ್ನುವ ವಿಡಿಯೊಗಳಿಗೇನೂ ಕೊರತೆ ಇಲ್ಲ. ದಾನಿ ಚಿಪ್ಪು ಎಲ್ಲಿಂದ ತರುತ್ತೀರಿ ಎಂಬ ಮಾತು ಅವುಗಳಲ್ಲಿ ಬರುವುದ್ಯಾವಾಗ ಎಂದು ಕಾಯಬೇಕು.

ಆಕೆಗೆ ಇದೆಲ್ಲ ತಿಳಿದದ್ದು ಸರದ ತೂತು ನೋಡಿ ಬಂದ ಮೇಲೆ, ಮಗಳ ಮದುವೆಯ ಗಡಿಬಿಡಿಯಲ್ಲಿ, ರಾತ್ರಿ ಹೊತ್ತು ಫೋನಿನಲ್ಲಿ ಓದುತ್ತ. ದಾನಿಯ ಪೊರೆಯನ್ನು ಚೌಕ ಚೌಕವಾಗಿ ಕೊಯ್ಯುವ ಜಪಾನಿ ಹೆಂಗಸರ ಚಿತ್ರವೊಂದನ್ನು ಬಹಳ ಹೊತ್ತು ನೋಡಿದರು. ಅವರ ಕೈಯಲ್ಲಿದ್ದದ್ದೂ ಚಿಮುಟ. ಮೊಣಕೈ ಮೇಜಿಗೆ ಆನಿಸಿಕೊಂಡ ಭಂಗಿ ಕೂಡ ತಮ್ಮದೇ. ನಾದಿನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಮೂರನೆಯ ದಿನ ಫೋನು ಮಾಡಿ ಹೇಳಿಬಿಟ್ಟರು. ‘ನಿಮ್ಮ ಅವ್ವನ ಸರ ಬಸ್ರಾ ಅಲ್ಲಂತ್ರಿ ವೈನಿ, ಜಪಾನಂತ.’ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ‘ಪಾಟ್ಲಿ ಒಂದು ಕೊಡ್ಲೇನವ್ವಾ’ ಎಂದು ನಾದಿನಿ ಕೇಳಿದರು. ಈಕೆ ಬೇಡವೆಂದರು. ಹಂಚಿಕೆ ಆ ದಿನದ ಮಾತಿನ ಮೇಲೆ ಆದದ್ದು, ಅದು ಹಾಗೇ ಇರಲಿ. ಕಿರಿಯ ಮಗಳಿಗೆ ಸರ ಕೊಡುವುದಂತೂ ಖಂಡಿತ. ಸುಳ್ಳು ಹೆಸರಿನಿಂದ ಮಾತ್ರ ಕೊಡುವುದಿಲ್ಲ.

ಪಟುವೆ ಹೊಸ ರೇಷ್ಮೆದಾರದಲ್ಲಿ, ಎರಡು ಮುತ್ತುಗಳ ನಡುವೆ ಒಂದೊಂದು ಗಂಟು ಹಾಕಿ ಪೋಣಿಸಿಕೊಟ್ಟ. ಆಕೆ ಸರವನ್ನು ಡಬ್ಬಿಗೆ ಹಾಕುವಾಗ ಹಳೆಯ ಅಭ್ಯಾಸದಂತೆ ಒಂದು ಚೀಟಿ ಬರೆದು ಮಡಚಿ ಅದರ ಕೆಳಗಿಟ್ಟರು. ಮಳೆಗೆ ಅಳಿಸದಿರಲೆಂದು ಹೊಲದಲ್ಲಿ ಬರೆಯುತ್ತಿದ್ದ ಹಾಗೆ ಪೆನ್ಸಿಲಿನಲ್ಲೇ ಬರೆದರು. ದಾನಿ: ಗೊತ್ತಿಲ್ಲ. ಗುಣಿಸುವ ಗುರುತು. ಆಸರೆ: ಗೊತ್ತಿಲ್ಲ. ಊರು: ಜಪಾನ್. ಮಣಿ: ಅಮೆರಿಕ. ಕೊಂಡದ್ದು: 1962, ಪತ್ಥರ್‌ಗಟ್ಟಿ.